ಆಫರ್ ಲೆಟರ್ ಬಂತು, ಸಹಿ ಹಾಕೋದಾ ಬೇಡ್ವಾ? ಕಂಪನಿ ಎಂಜಿನಿಯರ್ ಕೆಲಸದ ಲೆಕ್ಕ

ಹೋದ ವಾರ ಮದ್ದೂರಿನಿಂದ ಭಾವ ಫೋನ್ ಮಾಡಿದ್ದರು. ಅಕ್ಕನ ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಬೆಂಗಳೂರಿನ ಒಂದು ಐಟಿ ಕಂಪನಿ ಕ್ಯಾಂಪಸ್‌ನಲ್ಲೇ ಅವನನ್ನು ಆರಿಸಿಕೊಂಡಿದೆ. ವರ್ಷಕ್ಕೆ 4,80,000 ರೂಪಾಯಿ. ಭಾವ ಆಗಲೇ ಹನ್ನೆರಡರಿಂದ ಭಾಗಿಸಿಬಿಟ್ಟಿದ್ದರು. "ತಿಂಗಳಿಗೆ ನಲವತ್ತು ಸಾವಿರ ಆಯ್ತಲ್ಲ, ಓದಿನ ಸಾಲದ ಕಂತು ಕಟ್ಟಿ, ಪಿಜಿ ಬಾಡಿಗೆ ಕೊಟ್ಟು, ಮನೆಗೂ ಸ್ವಲ್ಪ ಕಳಿಸಬಹುದು ಅಲ್ವಾ? ಆದರೆ ಅದೇನೋ ಎರಡು ವರ್ಷದ ಬಾಂಡ್ ಅಂತೆ. ಸೇರಿಸೋದಾ ಬೇಡ್ವಾ, ನೀನೇ ಹೇಳು" ಅಂದರು.

ನಾನು ಹದಿಮೂರು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಮೂರು ಕಂಪನಿ ನೋಡಿದ್ದೇನೆ. ಫೋನಿನಲ್ಲಿ ಒಂದು ಗಂಟೆ ಮಾತಾಡಿದರೂ ಅರ್ಧವೇ ಹೇಳಿದಂತಾಯಿತು. ಮನೆಯಲ್ಲಿ ಮೊದಲ ಸಲ ಕಂಪನಿ ಕೆಲಸಕ್ಕೆ ಹೋಗುವವರು ಇರುವ ಎಲ್ಲರಿಗೂ ಇದು ಬೇಕಾಗಬಹುದು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಸಿಟಿಸಿ ಅಂದರೆ ಭತ್ತ, ಕೈಗೆ ಬರುವುದು ಅಕ್ಕಿ

ಆಫರ್ ಲೆಟರ್‌ನಲ್ಲಿ ದಪ್ಪ ಅಕ್ಷರದಲ್ಲಿ ಇರುವ ಮೊತ್ತಕ್ಕೆ ಸಿಟಿಸಿ ಅನ್ನುತ್ತಾರೆ. ನಿಮಗೋಸ್ಕರ ಕಂಪನಿ ಒಂದು ವರ್ಷದಲ್ಲಿ ಮಾಡುವ ಒಟ್ಟು ಖರ್ಚು ಅಂತ ಅದರ ಅರ್ಥ. ನಿಮ್ಮ ಬ್ಯಾಂಕ್ ಖಾತೆಗೆ ಬರುವ ಹಣ ಬೇರೆ.

ಭಾವ ಭತ್ತ ಬೆಳೆಯುವವರು, ಅವರಿಗೆ ಹೀಗೆ ಹೇಳಿದೆ. ಒಂದು ಕ್ವಿಂಟಲ್ ಭತ್ತ ಮಿಲ್ಲಿಗೆ ಹಾಕಿದರೆ ನೂರು ಕೆಜಿ ಅಕ್ಕಿ ಬರುತ್ತದಾ? 65 ಕೆಜಿ ಆಸುಪಾಸು ಬರುತ್ತದೆ. ಉಳಿದದ್ದರಲ್ಲಿ ತೌಡೂ ಇದೆ, ಹೊಟ್ಟೂ ಇದೆ. ಸಿಟಿಸಿಯೂ ಹಾಗೇ.

ಈ ಹುಡುಗನ 4,80,000ವನ್ನೇ ಬಿಡಿಸೋಣ. ಅವನ ಮೂಲವೇತನ, ಅಂದರೆ ಬೇಸಿಕ್, ತಿಂಗಳಿಗೆ 20,000. ವರ್ಷಕ್ಕೆ 2,40,000. ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) ಪಾಲು ಬೇಸಿಕ್‌ನ ಶೇ. 12, ಅಂದರೆ ವರ್ಷಕ್ಕೆ 28,800. ಗ್ರಾಚ್ಯುಟಿ ಅಂತ ಶೇ. 4.81, ಅದು 11,544. ವಿಮೆಯ ಕಂತು 8,000. ವೇರಿಯಬಲ್ ಪೇ ಅಂತ 48,000. ಇವೆಲ್ಲ ಸಿಟಿಸಿಯ ಒಳಗೇ ಇವೆ, ಆದರೆ ತಿಂಗಳ ಸಂಬಳದಲ್ಲಿ ಬರುವುದಿಲ್ಲ. ಇಷ್ಟನ್ನೂ ಕಳೆದರೆ ತಿಂಗಳಿಗೆ 31,971 ಉಳಿಯುತ್ತದೆ. ಅದರಲ್ಲಿ ಅವನ ಸ್ವಂತ ಪಾಲಿನ ಪಿಎಫ್ 2,400 ಹೋಗುತ್ತದೆ. ಕರ್ನಾಟಕದ ವೃತ್ತಿ ತೆರಿಗೆ 200 ಹೋಗುತ್ತದೆ (ಫೆಬ್ರವರಿಯಲ್ಲಿ 300). ಕೈಗೆ ಬರುವುದು 29,371. ಭಾವನ ಲೆಕ್ಕಕ್ಕಿಂತ ಹತ್ತು ಸಾವಿರಕ್ಕೂ ಜಾಸ್ತಿ ಕಡಿಮೆ.

ಆದಾಯ ತೆರಿಗೆಯ ಚಿಂತೆ ಈಗ ಬೇಡ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬರುವುದಿಲ್ಲ. ಸಂಬಳದವರಿಗೆ 75,000ದ ವಿನಾಯಿತಿಯೂ ಸೇರಿ ಅದು 12.75 ಲಕ್ಷ ಆಗುತ್ತದೆ.

ಹಾಗಾದರೆ ಕಳೆದುಹೋದ ದುಡ್ಡೆಲ್ಲ ದಂಡವಾ? ಇಲ್ಲ. ಪಿಎಫ್ ಅನ್ನು ಬಿತ್ತನೆಗೆ ಎತ್ತಿಟ್ಟ ಭತ್ತ ಅಂದುಕೊಳ್ಳಿ. ತಿಂಗಳಿಗೆ ಇಬ್ಬರ ಪಾಲೂ ಸೇರಿ 4,800 ಅವನ ಹೆಸರಲ್ಲೇ ಜಮೆ ಆಗುತ್ತದೆ. 2024-25ಕ್ಕೆ ಅದರ ಬಡ್ಡಿ ಶೇ. 8.25 ಇತ್ತು. ಯುಎಎನ್ ಅಂತ ಒಂದು ನಂಬರ್ ಕೊಡುತ್ತಾರೆ. ಕಂಪನಿ ಬದಲಾದರೂ ಆ ನಂಬರ್ ಬದಲಾಗುವುದಿಲ್ಲ, ಹಳೆಯ ದುಡ್ಡನ್ನು ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿಕೊಳ್ಳಬಹುದು. ಪ್ರತಿ ಸಲ ಕೆಲಸ ಬಿಟ್ಟಾಗಲೂ ಅದನ್ನು ತೆಗೆದು ಬೈಕು ಕೊಂಡವರನ್ನು ನಾನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಇನ್ನೊಂದು ವಿಷಯ, ಕೆಲವು ಕಂಪನಿಗಳು ಬೇಸಿಕ್ ಎಷ್ಟೇ ಇದ್ದರೂ 15,000ಕ್ಕೆ ಮಾತ್ರ ಲೆಕ್ಕ ಹಾಕಿ 1,800 ಕಟ್ಟುತ್ತವೆ. ಆಗ ಕೈಗೆ ಸ್ವಲ್ಪ ಜಾಸ್ತಿ ಬರುತ್ತದೆ, ಉಳಿತಾಯ ಕಡಿಮೆ ಆಗುತ್ತದೆ.

ಗ್ರಾಚ್ಯುಟಿ ಅಂದರೆ ಒಂದೇ ಕಡೆ ಬಹಳ ವರ್ಷ ದುಡಿದದ್ದಕ್ಕೆ ಬಿಡುವಾಗ ಕೊಡುವ ಇಡುಗಂಟು. ಕೊನೆಯ ಬೇಸಿಕ್ ಅನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಬೇಕು. 6 ವರ್ಷ ದುಡಿದು, ಕೊನೆಯ ಬೇಸಿಕ್ 40,000 ಇದ್ದರೆ 1,38,461 ರೂಪಾಯಿ. ಆದರೆ ಪರ್ಮನೆಂಟ್ ನೌಕರರಿಗೆ 5 ವರ್ಷ ತುಂಬಿರಬೇಕು. ಮೂರೇ ವರ್ಷಕ್ಕೆ ಬಿಟ್ಟರೆ ಸಿಟಿಸಿಯಲ್ಲಿ ಪ್ರತಿ ವರ್ಷ ತೋರಿಸಿದ ಆ 11,544 ನಿಮಗೆ ಸಿಗುವುದೇ ಇಲ್ಲ. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ, ಇಂತಿಷ್ಟೇ ಅವಧಿಗೆ ಅಂತ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಇದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನೂ ಪಿಎಫ್, ಗ್ರಾಚ್ಯುಟಿ ಲೆಕ್ಕಕ್ಕೆ ವೇತನ ಅಂತಲೇ ಹಿಡಿಯಬೇಕು ಅನ್ನುವ ನಿಯಮವೂ ಅವುಗಳಲ್ಲೇ ಬಂತು.

ವೇರಿಯಬಲ್ ಪೇ ಮಾತ್ರ ಇನ್ನೂ ಗದ್ದೆಯಲ್ಲಿರುವ ಬೆಳೆ. ಕಂಪನಿಗೆ ಒಳ್ಳೆಯ ವರ್ಷ ಆಗಿ, ನಿಮ್ಮ ರೇಟಿಂಗ್ ಚೆನ್ನಾಗಿದ್ದರೆ ಪೂರ್ತಿ ಸಿಗಬಹುದು, ಇಲ್ಲದಿದ್ದರೆ ಅರ್ಧ, ಕೆಲವೊಮ್ಮೆ ಅದೂ ಇಲ್ಲ. ಅದನ್ನು ನಂಬಿ ಸಾಲದ ಕಂತು ನಿಗದಿ ಮಾಡಿಕೊಳ್ಳಬೇಡಿ.

ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಇದು ಗೊತ್ತಾಗದೆ ಕೆಲಸದ ಒಳ್ಳೆಯದೂ ಕೆಟ್ಟದ್ದೂ ಅರ್ಥ ಆಗುವುದಿಲ್ಲ.

ನಮ್ಮ ಕಡೆಯಿಂದ ಹೆಚ್ಚು ಮಕ್ಕಳು ಸೇರುವುದು ಸರ್ವಿಸ್ ಕಂಪನಿಗಳಿಗೆ. ಮದುವೆ ಅಡುಗೆ ಕಂಟ್ರಾಕ್ಟರ್ ಇರುತ್ತಾರಲ್ಲ, ಹಾಗೆ. ಅವರಿಗೆ ಸ್ವಂತ ಹೋಟೆಲ್ ಇಲ್ಲ. ಯಾರದೋ ಮನೆಯ ಮದುವೆಗೆ ಭಟ್ಟರು, ಸಹಾಯಕರು, ಬಡಿಸುವವರು, ಪಾತ್ರೆ ಎಲ್ಲವನ್ನೂ ಕರೆದುಕೊಂಡು ಹೋಗುತ್ತಾರೆ. ಮೆನು ಹೇಳುವುದು ಮದುವೆ ಮನೆಯವರು. ಐಟಿಯಲ್ಲಿ ಮದುವೆ ಮನೆ ಅಂದರೆ ಅಮೆರಿಕದ್ದೋ ಯುರೋಪಿನದ್ದೋ ಒಂದು ಬ್ಯಾಂಕು, ವಿಮಾ ಕಂಪನಿ, ಅಂಗಡಿ ಸರಪಳಿ. ಅದನ್ನು ಕ್ಲೈಂಟ್ ಅನ್ನುತ್ತಾರೆ. ಬಹಳಷ್ಟು ಕಡೆ ಇಷ್ಟು ಜನ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರ್ ಅಂತ ಬಿಲ್ ಆಗುತ್ತದೆ.

ಪ್ರಾಡಕ್ಟ್ ಕಂಪನಿ ಅಂದರೆ ಸ್ವಂತ ಹೋಟೆಲ್. ತಮ್ಮದೇ ಮೆನು, ತಮ್ಮದೇ ರುಚಿ. ದೋಸೆ ಓಡಿದರೆ ಲಾಭವೆಲ್ಲ ಅವರದು, ಓಡದಿದ್ದರೆ ಬಾಗಿಲು. ಇನ್ನು ಜಿಸಿಸಿ ಅಂತ ಈಗ ಬಹಳ ಕೇಳಿಬರುತ್ತಿದೆ. ವಿದೇಶದ ಬ್ಯಾಂಕೋ ಕಾರು ಕಂಪನಿಯೋ ಕಂಟ್ರಾಕ್ಟರನ್ನು ಬಿಟ್ಟು ಬೆಂಗಳೂರಿನಲ್ಲೇ ಸ್ವಂತ ಅಡುಗೆಮನೆ ಇಟ್ಟುಕೊಂಡರೆ ಅದು ಜಿಸಿಸಿ. ಇವೆರಡರಲ್ಲಿ ಸಾಮಾನ್ಯವಾಗಿ ಸಂಬಳ ಜಾಸ್ತಿ, ಆದರೆ ಒಳಗೆ ಹೋಗುವುದು ಕಷ್ಟ. ನೂರಾರು ಹೊಸಬರನ್ನು ಒಟ್ಟಿಗೆ ತೆಗೆದುಕೊಳ್ಳುವುದು ಸರ್ವಿಸ್ ಕಂಪನಿಗಳೇ.

ಆಷಾಢದಲ್ಲಿ ಮದುವೆ ಇರುವುದಿಲ್ಲ. ಆಗ ಅಡುಗೆಯವರು ಏನು ಮಾಡುತ್ತಾರೆ? ಸುಮ್ನೆ ಕೂತಿರುತ್ತಾರೆ. ಕಂಪನಿಯಲ್ಲಿ ಹೀಗೆ ಪ್ರಾಜೆಕ್ಟ್ ಇಲ್ಲದೆ ಕೂರುವುದಕ್ಕೆ ಬೆಂಚ್ ಅನ್ನುತ್ತಾರೆ. ಸಂಬಳ ಬರುತ್ತದೆ, ಆದರೆ ನಿಮ್ಮ ಹೆಸರಲ್ಲಿ ಬಿಲ್ ಆಗುತ್ತಿರುವುದಿಲ್ಲ. ನಾನು ಮೊದಲ ವರ್ಷವೇ ನಾಲ್ಕು ತಿಂಗಳು ಬೆಂಚಿನಲ್ಲಿದ್ದೆ. ಮನೆಯಲ್ಲಿ ಹೇಳಿದರೆ "ಕೆಲಸ ಇಲ್ದೆ ಸಂಬಳ ಕೊಡ್ತಾರಾ, ಅದೃಷ್ಟ ಬಿಡು" ಅಂತ ಅಮ್ಮ ಖುಷಿಪಟ್ಟಳು. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬೆಂಚು ಉದ್ದವಾದಷ್ಟೂ ಭಯ ಜಾಸ್ತಿ, ಯಾಕೆಂದರೆ ಜನ ಕಡಿಮೆ ಮಾಡುವ ಮಾತು ಬಂದಾಗ ಮೊದಲು ನೋಡುವುದು ಆ ಪಟ್ಟಿಯನ್ನೇ.

ಆಷಾಢ ಜೋರಾಗಿದ್ದಾಗ ಹೊಸಬರನ್ನು ಕರೆಯುವುದೇ ತಡವಾಗುತ್ತದೆ. 2022ರಲ್ಲಿ ಓದು ಮುಗಿಸಿದ ಹಲವರು ಆಫರ್ ಕೈಯಲ್ಲಿ ಹಿಡಿದುಕೊಂಡು ಸೇರುವ ದಿನಾಂಕಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾದರು. ಆಫರ್ ಲೆಟರ್ ಬೇರೆ, ಸೇರುವ ದಿನಾಂಕ ಬರೆದ ಪತ್ರ ಬೇರೆ. ಎರಡನೆಯದು ಬರುವವರೆಗೂ ಬೇರೆ ಪ್ರಯತ್ನ ನಿಲ್ಲಿಸಬೇಡಿ.

ಹೊಸಬರ ಸಂಬಳ ಯಾಕೆ ಏರುವುದಿಲ್ಲ?

ನಾನು ಸೇರಿದಾಗಲೂ ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಹೊಸಬರಿಗೆ 3ರಿಂದ 4 ಲಕ್ಷದ ಆಸುಪಾಸೇ ಇತ್ತು, ಹೆಚ್ಚಿನವರಿಗೆ ಇವತ್ತೂ ಅದರ ಹತ್ತಿರವೇ ಇದೆ. ಪಿಜಿ ಬಾಡಿಗೆ ಮಾತ್ರ ಎಲ್ಲೋ ಹೋಗಿದೆ. ಇದಕ್ಕೆ ಕಾರಣ ಆ ಅಡುಗೆ ತಂಡದ ಲೆಕ್ಕದಲ್ಲೇ ಇದೆ.

ಮದುವೆ ಮನೆಯವರು ಕೊಡುವುದು ಒಟ್ಟು ಇಷ್ಟು ಅಂತ ನಿಗದಿ. ತಂಡದಲ್ಲಿ ಎಲ್ಲರೂ ಹಿರಿಯ ಭಟ್ಟರೇ ಆದರೆ ಕಂಟ್ರಾಕ್ಟರ್‌ಗೆ ಏನೂ ಉಳಿಯುವುದಿಲ್ಲ. ಒಬ್ಬರೋ ಇಬ್ಬರೋ ಭಟ್ಟರು, ನಾಲ್ಕು ಜನ ನುರಿತ ಸಹಾಯಕರು, ಹತ್ತು ಜನ ತರಕಾರಿ ಹೆಚ್ಚುವ ಹುಡುಗರು ಇದ್ದರೆ ಉಳಿಯುತ್ತದೆ. ಕಂಪನಿಯವರು ಇದನ್ನು ಪಿರಮಿಡ್ ಅನ್ನುತ್ತಾರೆ. ಬುಡ ಅಗಲ ಇದ್ದಷ್ಟೂ ಲಾಭ. ಬುಡಕ್ಕೆ ಬೇಕಾದ ಹುಡುಗರು ಪ್ರತಿ ವರ್ಷ ಕಾಲೇಜುಗಳಿಂದ ಬೇಕಾದಷ್ಟು ಬರುತ್ತಿರುವಾಗ ಸಂಬಳ ಏರಿಸಬೇಕಾದ ಒತ್ತಡ ಯಾರಿಗೂ ಇಲ್ಲ.

ಇದರ ಇನ್ನೊಂದು ಮುಖ ಹತ್ತು ಹನ್ನೆರಡು ವರ್ಷದ ನಂತರ ಕಾಣುತ್ತದೆ. ಸಂಬಳ ಏರಿ ಏರಿ ನೀವು ಪಿರಮಿಡ್ಡಿನ ನಡುವಿಗೆ ಬಂದಿರುತ್ತೀರಿ, ಅಲ್ಲಿ ಜಾಗ ಕಡಿಮೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಸುಮಾರು ಶೇ. 2, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿದಾಗ ಹೆಚ್ಚಾಗಿ ಹೆಸರು ಬಂದದ್ದು ಮಧ್ಯಮ ಮತ್ತು ಹಿರಿಯ ಹಂತದವರದ್ದು. ಆದ್ದರಿಂದ ಮೊದಲ ಸಂಬಳಕ್ಕಿಂತ, ಆ ಹತ್ತು ವರ್ಷದಲ್ಲಿ ಏನು ಕಲಿಯುತ್ತೀರಿ ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ತರಕಾರಿ ಹೆಚ್ಚುತ್ತಲೇ ಉಳಿದರೆ

ಒಳ್ಳೆಯ ತಂಡ ಸಿಕ್ಕರೆ ಕಂಪನಿಯಷ್ಟು ಕಲಿಸುವ ಜಾಗ ಇನ್ನೊಂದಿಲ್ಲ. ನೀವು ಬರೆದ ಕೋಡನ್ನು ಹಿರಿಯರೊಬ್ಬರು ಸಾಲು ಸಾಲಾಗಿ ಓದಿ, ಇಲ್ಲಿ ಯಾಕೆ ಹೀಗೆ ಮಾಡಿದೆ ಅಂತ ಕೇಳುತ್ತಾರೆ. ಲಕ್ಷಾಂತರ ಜನ ಬಳಸುವ ವ್ಯವಸ್ಥೆ ಹೇಗೆ ಕಟ್ಟಿದ್ದಾರೆ, ಮಧ್ಯರಾತ್ರಿ ಅದು ಕೆಟ್ಟರೆ ಹೇಗೆ ಸರಿ ಮಾಡುತ್ತಾರೆ, ಎಲ್ಲ ಕಣ್ಣೆದುರೇ ನಡೆಯುತ್ತದೆ. ನನ್ನ ಎರಡನೇ ಕಂಪನಿಯಲ್ಲಿ ಧಾರವಾಡ ಕಡೆಯ ಒಬ್ಬರು ಹಿರಿಯರಿದ್ದರು. ಅವರ ಪಕ್ಕ ಒಂದೂವರೆ ವರ್ಷ ಕೂತು ಕಲಿತದ್ದು ನಾಲ್ಕು ವರ್ಷದ ಡಿಗ್ರಿಗಿಂತ ಜಾಸ್ತಿ.

ಆದರೆ ಯಾವ ಕೆಲಸ ಸಿಗುತ್ತದೆ ಅಂತ ಆರಿಸುವುದು ನೀವಲ್ಲ. ಮೊದಲ ಕಂಪನಿಯಲ್ಲಿ ಬೆಂಚಿನ ನಂತರ ನನ್ನನ್ನು ಹಾಕಿದ್ದು ರಾತ್ರಿ ಪಾಳಿಯ ಸಪೋರ್ಟ್ ಕೆಲಸಕ್ಕೆ. ರಾತ್ರಿ ಓಡುವ ಪ್ರೋಗ್ರಾಮುಗಳು ಸರಿಯಾಗಿ ಓಡಿದವಾ ಅಂತ ಸ್ಕ್ರೀನ್ ನೋಡುವುದು, ಕೆಂಪು ಬಂದರೆ ಟಿಕೆಟ್, ಅಂದರೆ ಕಂಪ್ಯೂಟರಿನಲ್ಲೇ ಒಂದು ದೂರು, ಹಾಕಿ ಇನ್ನೊಂದು ತಂಡಕ್ಕೆ ಕಳಿಸುವುದು. ಎರಡೂವರೆ ವರ್ಷ ಅದನ್ನೇ ಮಾಡಿದೆ. ಬೇರೆ ಪ್ರಾಜೆಕ್ಟ್ ಕೇಳಿದಾಗಲೆಲ್ಲ "ಕ್ಲೈಂಟ್ ನಿನ್ನನ್ನು ಬಿಡುವುದಿಲ್ಲ ಅಂತಿದ್ದಾರೆ" ಅನ್ನುವ ಉತ್ತರ. ಕೇಳುವುದಕ್ಕೆ ಹೊಗಳಿಕೆ ತರಹ ಇತ್ತು. ಆಮೇಲೆ ಹೊರಗೆ ಇಂಟರ್‌ವ್ಯೂಗೆ ಹೋದೆ. "ಎರಡೂವರೆ ವರ್ಷದಲ್ಲಿ ನೀವೇ ಕಟ್ಟಿದ್ದು ಏನು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ವರ್ಷಗಟ್ಟಲೆ ತರಕಾರಿ ಹೆಚ್ಚಿದವನಿಗೆ ಹುಳಿ ಕೂಡಿಸುವುದು ತಾನಾಗೇ ಬರುವುದಿಲ್ಲವಲ್ಲ. ಆರು ತಿಂಗಳು ರಾತ್ರಿ ಪಾಳಿ ಮುಗಿಸಿ ಬಂದು, ಬೆಳಿಗ್ಗೆ ಎರಡೆರಡು ಗಂಟೆ ಓದಿಕೊಂಡು, ಕಷ್ಟಪಟ್ಟು ಹೊರಗೆ ಬಂದೆ.

ಸಪೋರ್ಟ್ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ, ಅದಿಲ್ಲದೆ ಯಾವ ಬ್ಯಾಂಕೂ ನಡೆಯುವುದಿಲ್ಲ. ಕೆಟ್ಟದ್ದು ಯಾಕೆ ಕೆಟ್ಟಿತು ಅಂತ ಹುಡುಕಲು ಬಿಡುವ ಸಪೋರ್ಟ್ ತಂಡದಲ್ಲಿ ಎಷ್ಟೋ ಕಲಿಯಬಹುದು. ಬರೀ ಟಿಕೆಟ್ ದಾಟಿಸುವ ಕಡೆ ಒಂದು ವರ್ಷಕ್ಕಿಂತ ಜಾಸ್ತಿ ಇರಬೇಡಿ.

ಸಂಬಳದಲ್ಲಿ ಕಾಣದ ಲಾಭ, ಕಾಣದ ಖರ್ಚು

ಲಾಭದಲ್ಲಿ ನಾನು ಮೊದಲು ಹೇಳುವುದು ಆರೋಗ್ಯ ವಿಮೆ. 2019ರಲ್ಲಿ ಅಪ್ಪನಿಗೆ ಮೈಸೂರಿನಲ್ಲಿ ಎರಡು ಸ್ಟೆಂಟ್ ಹಾಕಿಸಬೇಕಾಯಿತು. ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಹೊರಗೆ ಸ್ವಂತ ಪಾಲಿಸಿ ತೆಗೆದುಕೊಂಡರೆ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಕೆಲವು ವರ್ಷ ಕಾಯಬೇಕು. ಕಂಪನಿಯ ಗುಂಪು ವಿಮೆಯಲ್ಲಿ ಹೆಚ್ಚಿನ ಕಡೆ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಬಿಲ್ಲಿನ ಬಹುಪಾಲು ವಿಮೆಯೇ ಕಟ್ಟಿತು. ಅವತ್ತು ಆಸ್ಪತ್ರೆಯ ಕೌಂಟರ್ ಮುಂದೆ ನನಗಾದ ನೆಮ್ಮದಿಗೆ ಬೆಲೆ ಕಟ್ಟಲಾರೆ. ಆದರೆ ಕೆಲಸದ ಕೊನೆಯ ದಿನವೇ ಆ ವಿಮೆಯೂ ಕೊನೆ. ಮೂರನೇ ಕಂಪನಿಗೆ ಸೇರುವ ಮುಂಚೆ ಇಪ್ಪತ್ತು ದಿನ ಖಾಲಿ ಇದ್ದೆ, ಅಷ್ಟೂ ದಿನ ಅಪ್ಪನ ಮುಖ ನೋಡಿಕೊಂಡೇ ಕಳೆದೆ. ಅಪ್ಪ ಅಮ್ಮನನ್ನು ಸೇರಿಸಬಹುದಾ, ಅದಕ್ಕೆ ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆ, ಇದನ್ನು ಕೇಳಲೇಬೇಕು.

ತಿಂಗಳ ಕೊನೆಗೆ ತಪ್ಪದೆ ಸಂಬಳ, ಬ್ಯಾಂಕಿನಲ್ಲಿ ಸುಲಭವಾಗಿ ಸಾಲ, ಅವಕಾಶ ಬಂದರೆ ವಿದೇಶ, ಇವು ಎಲ್ಲರಿಗೂ ಗೊತ್ತಿರುವ ಲಾಭಗಳು.

ಖರ್ಚಿನಲ್ಲಿ ದೊಡ್ಡದು ಸಮಯ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಗಂಟೆ ಆದಾಗ ನಮಗೆ ಸಂಜೆ 6.30, ಅವರ ಚಳಿಗಾಲದಲ್ಲಿ 7.30. ಅವರ ದಿನ ಶುರುವಾದ ಮೇಲೆ ಮೀಟಿಂಗ್ ಅಂದರೆ ನಿಮ್ಮ ಊಟದ ಹೊತ್ತು ಹೋಯಿತು. ಇದಕ್ಕೆ ಬೆಂಗಳೂರಿನ ಓಡಾಟ ಸೇರಿಸಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಸಿಲ್ಕ್ ಬೋರ್ಡ್‌ನಲ್ಲಿ ನಿಲ್ಲುವುದು ತಪ್ಪಿದೆ. ಔಟರ್ ರಿಂಗ್ ರೋಡ್ ಕಡೆಯವರ ಕಷ್ಟ ಹಾಗೇ ಇದೆ. ಆಫೀಸು ಎಲ್ಲಿ ಅಂತ ತಿಳಿದುಕೊಂಡು ಪಿಜಿ ಹುಡುಕಿ. ಬಾಡಿಗೆ ಒಂದೆರಡು ಸಾವಿರ ಜಾಸ್ತಿ ಆದರೂ ಹತ್ತಿರವೇ ಇರುವುದು ಒಳ್ಳೆಯದು ಅನ್ನುವುದು ನನ್ನ ಅನುಭವ.

ಬಾಂಡ್ ಮತ್ತು ನೋಟಿಸ್ ಪಿರಿಯಡ್

ಭಾವ ಹೆದರಿದ್ದು ಇದಕ್ಕೇ. ಬಾಂಡ್ ಅಂದರೆ ಇಷ್ಟು ವರ್ಷ ಇರುತ್ತೇನೆ, ಮೊದಲೇ ಬಿಟ್ಟರೆ ಇಷ್ಟು ಹಣ ಕೊಡುತ್ತೇನೆ ಅನ್ನುವ ಒಪ್ಪಂದ. ತರಬೇತಿಗೆ ಖರ್ಚು ಮಾಡಿದ್ದೇವೆ ಅನ್ನುವುದು ಕಂಪನಿಯ ವಾದ.

"ಬಾಂಡ್‌ಗೆ ಕೋರ್ಟಿನಲ್ಲಿ ಬೆಲೆ ಇಲ್ಲ, ಧೈರ್ಯವಾಗಿ ಸಹಿ ಹಾಕು" ಅಂತ ಬಹಳ ಜನ ಹೇಳುತ್ತಾರೆ. ಅದು ತಪ್ಪು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅದು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನದ್ದು. ಮೂರು ವರ್ಷ ಇರಬೇಕು, ಇಲ್ಲದಿದ್ದರೆ 2 ಲಕ್ಷ ಕೊಡಬೇಕು ಅನ್ನುವ ಷರತ್ತನ್ನು ಕೋರ್ಟ್ ಎತ್ತಿಹಿಡಿಯಿತು. ಸರ್ಕಾರಿ ಬ್ಯಾಂಕು ಮತ್ತೆ ನೇಮಕಾತಿ ಮಾಡಲು ಆಗುವ ಖರ್ಚು, ಸಮಯ ಎಲ್ಲವನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿತ್ತು.

ಹಾಗಂತ ಕಂಪನಿ ಬರೆದಷ್ಟೂ ಹಣ ಕಟ್ಟಲೇಬೇಕು ಅಂತಲೂ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕೊಡಬೇಕಾದದ್ದು ನ್ಯಾಯವಾದ ಪರಿಹಾರ, ಬರೆದ ಮೊತ್ತ ಅದರ ಮೇಲಿನ ಮಿತಿ ಮಾತ್ರ. ನಿಮ್ಮನ್ನು ಬಲವಂತವಾಗಿ ಕೆಲಸದಲ್ಲಿ ಉಳಿಸಿಕೊಳ್ಳಲು ಯಾರಿಗೂ ಆಗುವುದಿಲ್ಲ. ಬಿಟ್ಟ ಮೇಲೆ ಇದೇ ಕ್ಷೇತ್ರದಲ್ಲಿ ಎಲ್ಲೂ ಕೆಲಸ ಮಾಡಬಾರದು ಅಂತ ಬರೆಸಿಕೊಂಡಿದ್ದರೆ, 27ನೇ ಕಲಂ ಪ್ರಕಾರ ಸಾಮಾನ್ಯವಾಗಿ ಅದು ನಿಲ್ಲುವುದಿಲ್ಲ. ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟಿನ ಅಸಲು ಪ್ರತಿ ಒತ್ತೆ ಇಡಲು ಕೇಳಿದರೆ ಮಾತ್ರ ಖಂಡಿತ ಕೊಡಬೇಡಿ. ತೋರಿಸಿ, ವಾಪಸ್ ತೆಗೆದುಕೊಂಡು ಬನ್ನಿ.

ನೋಟಿಸ್ ಪಿರಿಯಡ್ ಬೇರೆ. ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ದಿನಗಳು ಅವು. ಬಹಳಷ್ಟು ಐಟಿ ಕಂಪನಿಗಳಲ್ಲಿ 90 ದಿನ. ಹೊಸ ಕಂಪನಿ 30 ದಿನದಲ್ಲಿ ಬಾ ಅನ್ನುತ್ತದೆ, ಹಳೆಯದು ಬಿಡುವುದಿಲ್ಲ, ಮಧ್ಯೆ ನೀವು ಸಿಕ್ಕಿಕೊಳ್ಳುತ್ತೀರಿ. ಉಳಿದ ದಿನಗಳ ಸಂಬಳ ಕಟ್ಟಿ ಬಿಡಬಹುದಾ ಅಂತ ಪತ್ರದಲ್ಲಿ ನೋಡಿ. ಸುಮ್ನೆ ಹೇಳದೆ ಬಿಟ್ಟು ಹೋದರೆ ರಿಲೀವಿಂಗ್ ಲೆಟರ್, ಅಂದರೆ ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅನ್ನುವ ಪತ್ರ, ಸಿಗುವುದಿಲ್ಲ, ಮುಂದಿನ ಕಂಪನಿ ಹಿನ್ನೆಲೆ ಪರಿಶೀಲನೆ ಮಾಡುವಾಗ ಅದನ್ನೇ ಕೇಳುತ್ತದೆ.

ಸರ್ಕಾರಿ ಕಂಪನಿಯ 40,000 ಬೇರೆ

ಭಾವ ಕೊನೆಗೆ ಕೇಳಿದ್ದು, "ಬಿಇಎಲ್, ಎಚ್‌ಎಎಲ್ ನೋಡಬಾರದಾ?" ನೋಡಬೇಕು. ಬಿಇಎಲ್ ಪ್ರೊಬೇಷನರಿ ಎಂಜಿನಿಯರ್ ಹುದ್ದೆಯ ವೇತನಶ್ರೇಣಿ 40,000ದಿಂದ 1,40,000. ಅಲ್ಲಿ 40,000 ಅನ್ನುವುದು ಬೇಸಿಕ್ ಮಾತ್ರ, ತುಟ್ಟಿಭತ್ಯೆ ಮತ್ತು ಬೇರೆ ಭತ್ಯೆ ಅದರ ಮೇಲೆ ಬರುತ್ತವೆ. ನಮ್ಮ ಹುಡುಗನ 40,000 ಭತ್ತದ ತೂಕ, ಇದು ಹಾಗಲ್ಲ. ಕೆಲಸದ ಭದ್ರತೆಯೂ ಜಾಸ್ತಿ. ಆದರೆ ಹುದ್ದೆ ಕಡಿಮೆ, ಪರೀಕ್ಷೆ ಬರೆಯುವವರು ಬಹಳ. ಓದಲು ಒಂದೆರಡು ವರ್ಷ ಮನೆಯಲ್ಲಿ ಕೂರುವ ಶಕ್ತಿ ಇದೆಯಾ ಅನ್ನುವುದು ಮನೆಮನೆಗೆ ಬೇರೆ. ಸಾಲದ ಕಂತು ಶುರುವಾಗುವ ಮನೆಯಲ್ಲಿ ಕಂಪನಿಗೆ ಸೇರಿಕೊಂಡೇ ಓದುವುದು ವಾಸಿ.

ಸಹಿಗೆ ಮುಂಚೆ

ಅಳಿಯನಿಗೆ ಎಚ್‌ಆರ್‌ಗೆ ನಾಲ್ಕು ಪ್ರಶ್ನೆ ಮೇಲ್ ಮಾಡು ಅಂದೆ. ತಿಂಗಳಿಗೆ ಕೈಗೆ ಬರುವ ಮೊತ್ತ ಎಷ್ಟು? ಬಾಂಡಿನ ಹಣ ವರ್ಷ ಕಳೆದಂತೆ ಕಡಿಮೆ ಆಗುತ್ತದಾ? ವಿಮೆಗೆ ಅಪ್ಪ ಅಮ್ಮನನ್ನು ಸೇರಿಸಬಹುದಾ? ತರಬೇತಿ ಮುಗಿದ ಮೇಲೆ ಕೆಲಸ ಹೇಗೆ ಹಂಚುತ್ತೀರಿ? "ಕೇಳಿದರೆ ಆಫರ್ ವಾಪಸ್ ತಗೋತಾರಾ ಮಾವ?" ಅಂತ ಹೆದರಿದ. ಮರ್ಯಾದೆಯಿಂದ ಕೇಳಿದ ಪ್ರಶ್ನೆಗೆ ಆಫರ್ ಹಿಂದೆ ಪಡೆದದ್ದನ್ನು ಹದಿಮೂರು ವರ್ಷದಲ್ಲಿ ನಾನು ನೋಡಿಲ್ಲ ಅಂದೆ.

ನಿನ್ನೆ ಉತ್ತರ ಬಂದಿದೆ. ಕೈಗೆ 29,371. ಬಾಂಡಿನ ಹಣ ಒಂದು ವರ್ಷ ಆದ ಮೇಲೆ ಅರ್ಧ. ಅಪ್ಪ ಅಮ್ಮನನ್ನು ಸೇರಿಸಬಹುದು, ಅದರ ಕಂತನ್ನು ಸಂಬಳದಲ್ಲಿ ಹಿಡಿಯುತ್ತಾರೆ. ನಾಲ್ಕನೆಯದಕ್ಕೆ "ವ್ಯವಹಾರದ ಅಗತ್ಯಕ್ಕೆ ತಕ್ಕಂತೆ" ಅಂತಷ್ಟೇ ಬರೆದಿದ್ದಾರೆ. ಭಾನುವಾರ ಮದ್ದೂರಿಗೆ ಹೋಗುತ್ತಿದ್ದೇನೆ. ಆ ಕಂಪನಿಯಲ್ಲಿ ಈಗ ಇರುವ ಅವನ ಕಾಲೇಜಿನ ಇಬ್ಬರು ಸೀನಿಯರ್‌ಗಳ ನಂಬರ್ ಸಿಕ್ಕಿದೆ. ನಾಲ್ಕನೇ ಪ್ರಶ್ನೆಯನ್ನು ಅವರಿಗೇ ಫೋನ್ ಮಾಡಿ, ಭಾವನ ಎದುರೇ ಕೇಳೋಣ ಅಂದುಕೊಂಡಿದ್ದೇವೆ.